ಈ ರಜೆಯಲ್ಲಿ ಮನೆಯವರಿಗೆ ನೀವೇ ಬಂದರು ತೋರಿಸಿ



ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಹೆಸರು ಐಲ್ಯಾಂಡ್ ಎಕ್ಸ್‌ಪ್ರೆಸ್. ಕನ್ಯಾಕುಮಾರಿಯಿಂದ ಹೊರಟು ತಿರುವನಂತಪುರ, ಎರ್ನಾಕುಳಂ ದಾಟಿ ಬೆಂಗಳೂರಿಗೆ ಹೋಗುವ ಈ ರೈಲಿನಲ್ಲಿ ಚಿಕ್ಕಂದಿನಿಂದ ನೀವು ಎಷ್ಟು ರಾತ್ರಿ ಕಳೆದಿದ್ದೀರೋ ಲೆಕ್ಕವಿಲ್ಲ. ಹಾಗಾದರೆ ಒಂದು ಪ್ರಶ್ನೆ. ಈ ರೈಲಿಗೆ ‘ಐಲ್ಯಾಂಡ್’ ಎಂಬ ಹೆಸರು ಏಕೆ ಬಂತು? ಬೆಂಗಳೂರಿನಲ್ಲಂತೂ ದ್ವೀಪವಿಲ್ಲ.

ಆ ದ್ವೀಪ ಇರುವುದು ನಮ್ಮ ಕೊಚ್ಚಿಯಲ್ಲೇ. ಹಿಂದೆ ಈ ರೈಲು ವಿಲಿಂಗ್ಡನ್ ದ್ವೀಪದ ಹಾರ್ಬರ್ ಟರ್ಮಿನಸ್ ನಿಲ್ದಾಣದಿಂದ ಹೊರಡುತ್ತಿತ್ತು. ಮುಂದೆ ಅದನ್ನು ತಿರುವನಂತಪುರಕ್ಕೂ, ಆಮೇಲೆ ಕನ್ಯಾಕುಮಾರಿಗೂ ವಿಸ್ತರಿಸಿದರು. ಹೊರಡುವ ಜಾಗ ಬದಲಾಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ನಮ್ಮನ್ನು ಊರಿಗೆ ಕರೆದೊಯ್ಯುವ ರೈಲಿನ ಹೆಸರೇ ಕೊಚ್ಚಿ ಬಂದರಿನಿಂದ ಬಂದದ್ದು ಎಂದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಗೊತ್ತು?

ಇದರಲ್ಲಿ ನಿಮ್ಮ ಹಿರಿಯರನ್ನು ದೂರುವಂತಿಲ್ಲ. ನಿಮ್ಮ ಅಪ್ಪನೋ ಅಮ್ಮನೋ ಬ್ಯಾಂಕಿನ ವರ್ಗಾವಣೆಯಲ್ಲಿ, ನೌಕಾಪಡೆಯ ಕೆಲಸಕ್ಕೆ, ಕಾರ್ಖಾನೆಗೆ, ಹೋಟೆಲ್ ವ್ಯವಹಾರಕ್ಕೆ ಎಂದು ಇಲ್ಲಿಗೆ ಬಂದವರು. ಬಂದ ಮೇಲೆ ಕೆಲಸ, ಮನೆ, ನಿಮ್ಮ ಶಾಲೆ. ಸಿಕ್ಕ ರಜೆಯೆಲ್ಲ ಊರಿನ ಮದುವೆ, ಉಪನಯನ, ಜಾತ್ರೆಗೆ ಸಂದಾಯ. ಇಪ್ಪತ್ತು ವರ್ಷ ಕೊಚ್ಚಿಯಲ್ಲಿದ್ದು ಒಮ್ಮೆಯೂ ಬೋಟು ಹತ್ತದ ಅಮ್ಮಂದಿರು ನಮ್ಮಲ್ಲಿ ಇದ್ದಾರೆ. ಊರಿನಿಂದ ಬರುವ ಅಜ್ಜ ಅಜ್ಜಿಯರ ಪಾಡಂತೂ ಕೇಳುವುದೇ ಬೇಡ. ತಿಂಗಳಿದ್ದರೂ ಅವರಿಗೆ ಫ್ಲ್ಯಾಟಿನ ಬಾಲ್ಕನಿ ಮತ್ತು ಟಿವಿ, ಇವೆರಡೇ.

ಆದರೆ ನೀವು ಇಲ್ಲೇ ಹುಟ್ಟಿ ಬೆಳೆದವರು. ಬಸ್ಸಿನ ಬೋರ್ಡು ಓದಬಲ್ಲಿರಿ, ಕಂಡಕ್ಟರನ ಹತ್ತಿರ ಮಲಯಾಳದಲ್ಲಿ ಚಿಲ್ಲರೆಗೆ ಜಗಳವಾಡಬಲ್ಲಿರಿ. ಇಷ್ಟು ವರ್ಷ ಊರಿನಲ್ಲಿ ಅವರು ನಿಮ್ಮ ಕೈ ಹಿಡಿದು ‘ಇದು ನಮ್ಮ ಗದ್ದೆ, ಇದು ನಮ್ಮ ದೇವಸ್ಥಾನ’ ಎಂದು ತೋರಿಸಿದ್ದಾರೆ. ಈ ಸಲ ನೀವು ಅವರ ಕೈ ಹಿಡಿದು ‘ಇದು ನಮ್ಮ ಬಂದರು’ ಎಂದು ತೋರಿಸಿ. ಒಂದೇ ಒಂದು ಷರತ್ತು: ತೋರಿಸುವುದು, ವಿವರಿಸುವುದು ಎಲ್ಲವೂ ಕನ್ನಡದಲ್ಲೇ ಆಗಬೇಕು.

ಈ ಷರತ್ತಿಗೆ ಕಾರಣವಿದೆ. ನಮ್ಮ ಮಕ್ಕಳು ರಾಜ್ಯೋತ್ಸವದ ವೇದಿಕೆಯಲ್ಲಿ ಚೆನ್ನಾಗಿ ಹಾಡುತ್ತಾರೆ; ಕೈಯಲ್ಲಿರುವ ಚೀಟಿ ನೋಡಿದರೆ ಕನ್ನಡ ಹಾಡು ಇಂಗ್ಲಿಷ್ ಅಕ್ಷರದಲ್ಲೋ ಮಲಯಾಳ ಅಕ್ಷರದಲ್ಲೋ ಇರುತ್ತದೆ. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಉತ್ತರ ಇನ್ನೊಂದು ಭಾಷೆಯಲ್ಲಿ. ‘ಊಟ ಆಯ್ತಾ, ಸ್ನಾನ ಆಯ್ತಾ’ ಎಂಬಷ್ಟಕ್ಕೆ ಬೇಕಾಗುವ ಕನ್ನಡ ನೂರು ಪದ. ಹೇಳಲು ಹೊಸ ವಿಷಯ ಸಿಗದೆ ಭಾಷೆ ಬೆಳೆಯುವುದಿಲ್ಲ. ಕೇಳುವವರಿಗೆ ತಿಳಿಯದ ಸಂಗತಿ ನಿಮಗೆ ತಿಳಿದಿದ್ದರೆ ಹೇಳುವ ಮನಸ್ಸೂ ಬರುತ್ತದೆ, ಮಾತೂ ಬರುತ್ತದೆ. ಆ ಸಂಗತಿಗಳನ್ನು ಒದಗಿಸುವುದಷ್ಟೇ ಈ ಲೇಖನದ ಕೆಲಸ.

ಹೊಳೆ ಕಟ್ಟಿಕೊಟ್ಟ ಬಂದರು

ಮೊದಲ ದಿನ ಎರ್ನಾಕುಳಂ ಬೋಟ್ ಜೆಟ್ಟಿಗೆ ಬನ್ನಿ. ಇಲ್ಲಿಂದ ರಾಜ್ಯ ಜಲಸಾರಿಗೆ ಇಲಾಖೆಯ ಬೋಟುಗಳು ಫೋರ್ಟ್ ಕೊಚ್ಚಿಯ ಕಡೆಗೆ ಹೋಗುತ್ತವೆ. ಒಂದು ಲೋಟ ಕಾಫಿಯ ಬೆಲೆಗಿಂತ ಕಡಿಮೆ ದುಡ್ಡಿನಲ್ಲಿ ಇಡೀ ಬಂದರನ್ನು ಕಣ್ಣಾರೆ ಕಾಣಬಹುದು. ಅಜ್ಜಿಗೆ ಮಂಡಿನೋವಿದ್ದರೆ 2023ರ ಏಪ್ರಿಲಿನಲ್ಲಿ ಶುರುವಾದ ವಾಟರ್ ಮೆಟ್ರೋ ಒಳ್ಳೆಯದು. ಅದರ ಜೆಟ್ಟಿ ನೀರಿನ ಮೇಲೇ ತೇಲುವುದರಿಂದ ನೀರು ಏರಲಿ ಇಳಿಯಲಿ, ಬೋಟು ಮತ್ತು ಜೆಟ್ಟಿ ಒಂದೇ ಮಟ್ಟದಲ್ಲಿರುತ್ತವೆ. ಗಾಲಿಕುರ್ಚಿಯನ್ನೂ ನೇರವಾಗಿ ಒಳಗೆ ತಳ್ಳಿಕೊಂಡು ಹೋಗಬಹುದು.

ಬೋಟು ಹೊರಟ ಮೇಲೆ ಕಥೆ ಶುರುಮಾಡಿ. 1341ರಲ್ಲಿ ಪೆರಿಯಾರ್ ನದಿಗೆ ಭಾರಿ ಪ್ರವಾಹ ಬಂತು. ಅಲ್ಲಿಯವರೆಗೆ ಹೆಸರಾಗಿದ್ದ ಕೊಡುಂಗಲ್ಲೂರಿನ ಬಂದರು ಹೂಳು ತುಂಬಿ ಕೆಟ್ಟಿತು, ಕೊಚ್ಚಿಯ ಹತ್ತಿರ ಅಳಿವೆ ಅಗಲವಾಗಿ ತೆರೆದುಕೊಂಡಿತು ಎನ್ನುತ್ತಾರೆ ಇತಿಹಾಸಕಾರರು. ಒಂದೇ ಹೊಳೆ ಒಂದು ಬಂದರನ್ನು ಮುಚ್ಚಿ ಇನ್ನೊಂದನ್ನು ತೆರೆಯಿತು.

ಆದರೂ ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ. ಅಳಿವೆಯ ಬಾಯಿಗೆ ಅಡ್ಡಲಾಗಿ ಮರಳಿನ ದಿಬ್ಬವಿತ್ತು. ಹಡಗು ಹೊರಗೆ ಸಮುದ್ರದಲ್ಲೇ ನಿಲ್ಲಬೇಕು, ಸರಕನ್ನು ದೋಣಿಗಳಲ್ಲಿ ಸಾಗಿಸಬೇಕು. ಮಳೆಗಾಲದಲ್ಲಿ ಅದೂ ಕಷ್ಟ. 1920ರಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಇಲ್ಲಿಗೆ ಬಂದು ಆ ದಿಬ್ಬವನ್ನು ಕಡಿದು ಕಾಲುವೆ ಮಾಡಿಸಿದರು. 1928ರ ಮೇ 26ರಂದು ‘ಪದ್ಮ’ ಎಂಬ ಹಡಗು ಮೊದಲ ಸಲ ಒಳಬಂದರಿಗೆ ಬಂತು. ತೋಡಿ ತೆಗೆದ ಮಣ್ಣನ್ನು ಹಿನ್ನೀರಿನಲ್ಲಿ ಹರಡಿ ಮಾಡಿದ ನೆಲವೇ ವಿಲಿಂಗ್ಡನ್ ದ್ವೀಪ. ಈಗ ನಿಮ್ಮ ಅಪ್ಪನಿಗೆ ಹೇಳಿ: ‘ಅಪ್ಪಾ, ಐಲ್ಯಾಂಡ್ ಎಕ್ಸ್‌ಪ್ರೆಸ್ಸಿನ ಐಲ್ಯಾಂಡ್ ಇದೇ ನೋಡಿ.’

ಸುತ್ತ ಕಣ್ಣಾಡಿಸಿ. ಉತ್ತರಕ್ಕೆ ಕಾಣುವ ದೈತ್ಯ ಕ್ರೇನುಗಳು ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್ಲಿನವು. ಅದು ಆರಂಭವಾದದ್ದು 2011ರಲ್ಲಿ. ದಕ್ಷಿಣಕ್ಕೆ ಕೊಚ್ಚಿನ್ ಶಿಪ್‌ಯಾರ್ಡ್. 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ ವಿಕ್ರಾಂತ್ ವಿಮಾನವಾಹಕ ಹಡಗು ಕಟ್ಟಿದ್ದು ಅಲ್ಲಿಯೇ. ಅಳಿವೆಯ ಹತ್ತಿರ ನೀರಿನ ಮೇಲೆ ಬೆನ್ನು ಕಾಣಿಸಿ ಮುಳುಗುವುದೇನೆಂದು ತಂಗಿ ತಮ್ಮಂದಿರು ಕೇಳಿದರೆ, ಡಾಲ್ಫಿನ್ ಎನ್ನಿ. ಅದೃಷ್ಟವಿದ್ದ ದಿನ ಅವು ಗುಂಪಾಗಿಯೇ ಕಾಣುತ್ತವೆ.

ಬೋಟಿನಲ್ಲಿ ಆಡುವ ಮಾತಿನ ಆಟ

ಹಿಂತಿರುಗುವಾಗ ಸುಮ್ಮನೆ ಕೂರಬೇಡಿ. ಒಂದು ಆಟ ಹೇಳಿಕೊಡುತ್ತೇನೆ; ಅಜ್ಜನಿಂದ ಹಿಡಿದು ಮೂರನೇ ಕ್ಲಾಸಿನ ತಮ್ಮನವರೆಗೆ ಎಲ್ಲರೂ ಆಡಬಹುದು. ನೀವು ಒಂದು ಮಲಯಾಳ ಪದ ಹೇಳಬೇಕು, ಹಿರಿಯರು ಅದರ ಕನ್ನಡದ ಅಕ್ಕನನ್ನೋ ತಂಗಿಯನ್ನೋ ಹುಡುಕಬೇಕು.

ಮೊದಲು ಸುಲಭದ್ದು. ಮಲಯಾಳದ ಪಾಲ್ ನಮ್ಮ ಹಾಲು. ಪೂವ್ ನಮ್ಮ ಹೂವು. ಪುಲಿ ಹುಲಿ, ಪುಳಿ ಹುಳಿ. ಸೂತ್ರ ಸಿಕ್ಕಿತಲ್ಲವೇ? ಸಾವಿರ ವರ್ಷದ ಹಿಂದೆ ಕನ್ನಡದಲ್ಲಿಯೂ ಇವೆಲ್ಲ ‘ಪ’ಕಾರದಿಂದಲೇ ಶುರುವಾಗುತ್ತಿದ್ದವು. ಬರಬರುತ್ತಾ ನಮ್ಮ ‘ಪ’ ಅನೇಕ ಕಡೆ ‘ಹ’ ಆಯಿತು, ಮಲಯಾಳದಲ್ಲಿ ಹಾಗೆಯೇ ಉಳಿಯಿತು. ಹಡಗು ಎಂಬ ಪದದ ಹಳೆಯ ರೂಪ ಪಡಗು. ಇನ್ನೊಂದು ಸೂತ್ರ: ಅವರ ‘ವ’ ನಮ್ಮಲ್ಲಿ ಎಷ್ಟೋ ಕಡೆ ‘ಬ’. ಅವರ ವಲ ನಮ್ಮ ಬಲೆ.

ಈಗ ಕಷ್ಟದ್ದು. ಆಲಪ್ಪುೞ ಊರಿನ ಹೆಸರಿನ ಕೊನೆಯಲ್ಲಿರುವ ‘ಪುೞ’ ಎಂದರೇನು? ಪ ಹೋಗಿ ಹ ಬರಲಿ. ಅದೇ ನಮ್ಮ ಹೊಳೆ! ಪೆರಿಯಾರಿನ ಬಾಯಿಯಲ್ಲಿರುವ ಅೞಿಕ್ಕೋಡ್ ಊರಿನ ‘ಅೞಿ’ ನಮ್ಮ ಅಳಿವೆ. ಬೋಟು ಹತ್ತಿ ಇಳಿಯುವ ಜಾಗಕ್ಕೆ ಅವರು ಕಡವ್ ಎನ್ನುತ್ತಾರೆ. ಕನ್ನಡದಲ್ಲಿಯೂ ಅದು ಕಡವು. ದಕ್ಷಿಣ ಕನ್ನಡದ ಅಜ್ಜನಿದ್ದರೆ ನೇತ್ರಾವತಿಯ ಕಡವಿನಲ್ಲಿ ದೋಣಿಗೆ ಕಾದ ಕಥೆಯನ್ನು ಈ ಒಂದು ಪದ ಹೊರಗೆ ತೆಗೆದೀತು. ಮಾಯವಾಗುತ್ತಿರುವ ಇಂಥ ಪದವನ್ನು ನೀವು ದಿನವೂ ಬೋರ್ಡಿನಲ್ಲಿ ಓದುತ್ತಿದ್ದೀರಿ.

ಮೇಲೆ ‘ೞ’ ಎಂಬ ಅಕ್ಷರ ಬಳಸಿದ್ದೇನೆ, ಗಮನಿಸಿದಿರಾ? ಇದು ಹಳಗನ್ನಡದ ಅಕ್ಷರ. ಹದಿಮೂರನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ‘ರಳ’ ಎಂದು ಕರೆದು, ಎಲ್ಲೆಲ್ಲಿ ಬರಬೇಕೆಂದು ವಿವರವಾಗಿ ಹೇಳಿದ್ದಾನೆ. ಆಗಲೇ ಜನರ ಬಾಯಲ್ಲಿ ಅದು ಮಾಸುತ್ತಿತ್ತು. ಇವತ್ತು ಕನ್ನಡದಲ್ಲಿ ಅದು ಪೂರ್ತಿ ಮರೆಯಾಗಿದೆ. ಮಳೆ, ಬಾಳೆ, ಕೋಳಿ ಎಂದು ನಾವು ‘ಳ’ದಲ್ಲಿ ಹೇಳುವುದನ್ನು ಹಿಂದೆ ಮೞೆ, ಬಾೞೆ, ಕೋೞಿ ಎನ್ನುತ್ತಿದ್ದರು. ಮಲಯಾಳದಲ್ಲಿ ಇಂದಿಗೂ ಮೞ, ವಾೞ, ಕೋೞಿ.

ಅಂದರೆ, ಮಿತ್ರರೇ, ಬೆಂಗಳೂರಿನಲ್ಲಿರುವ ನಿಮ್ಮ ಚಿಕ್ಕಪ್ಪನ ಮಕ್ಕಳ ನಾಲಿಗೆಗೆ ಸುಲಭವಾಗಿ ಹೊರಳದ ಹಳಗನ್ನಡದ ಒಂದು ಧ್ವನಿ ನಿಮ್ಮ ನಾಲಿಗೆಯ ಮೇಲೆ ಸಲೀಸಾಗಿ ಆಡುತ್ತದೆ. ‘ನಿನ್ನ ಕನ್ನಡದಲ್ಲಿ ಮಲಯಾಳ ಬೆರೆತಿದೆ’ ಎಂದು ಊರಿನಲ್ಲಿ ಯಾರಾದರೂ ನಕ್ಕರೆ ತಲೆ ತಗ್ಗಿಸಬೇಡಿ. ಪಂಪ, ರನ್ನರ ಕಾಲದ ‘ೞ’ವನ್ನು ಒಮ್ಮೆ ಉಚ್ಚರಿಸಿ ತೋರಿಸಿ.

ಬಲೆಯ ಹಗ್ಗ, ಅಜ್ಜಿಯ ಮೂಗು

ಫೋರ್ಟ್ ಕೊಚ್ಚಿಯಲ್ಲಿ ಎಲ್ಲರೂ ಚೀನೀ ಬಲೆಯ ಮುಂದೆ ಫೋಟೋ ತೆಗೆದುಕೊಂಡು ಬರುತ್ತಾರೆ. ನೀವು ಹತ್ತು ನಿಮಿಷ ನಿಂತು ಅದು ಕೆಲಸ ಮಾಡುವ ರೀತಿಯನ್ನು ಅಪ್ಪನಿಗೆ ತೋರಿಸಿ. ಒಂದು ಕಡೆ ಉದ್ದನೆಯ ಮರದ ತೋಳುಗಳಿಗೆ ಕಟ್ಟಿದ ಬಲೆ, ಇನ್ನೊಂದು ಕಡೆ ಹಗ್ಗಕ್ಕೆ ಕಟ್ಟಿ ತೂಗಬಿಟ್ಟ ಕಲ್ಲುಗುಂಡುಗಳು. ಏತದ ಹಾಗೆಯೇ, ಭಾರಕ್ಕೆ ಪ್ರತಿಭಾರ. ನಾಲ್ಕೈದು ಜನ ಹಗ್ಗ ಎಳೆದರೆ ಅಷ್ಟು ದೊಡ್ಡ ಬಲೆ ಮೇಲೇಳುತ್ತದೆ. ವಿನಯದಿಂದ ಕೇಳಿದರೆ ನಿಮಗೂ ಹಗ್ಗ ಹಿಡಿಯಲು ಬಿಡುವವರು ಇದ್ದಾರೆ; ಅವರ ಹೊತ್ತಿಗೆ ಬೆಲೆ ಕೊಡುವುದನ್ನು ಮರೆಯಬೇಡಿ. ಮೊದಲಿನಂತೆ ಮೀನು ಸಿಗುತ್ತದೆಯೇ ಎಂದು ವಿಚಾರಿಸಿ, ಅವರು ಹೇಳಿದ್ದನ್ನು ಮನೆಯವರಿಗೆ ಕನ್ನಡದಲ್ಲಿ ತಿಳಿಸಿ. ದುಭಾಷಿಯ ಕೆಲಸ ಎಷ್ಟು ಕಷ್ಟ, ಎಷ್ಟು ಸೊಗಸು ಎಂದು ಆಗ ಗೊತ್ತಾಗುತ್ತದೆ.

ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚ್. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂಳಿದ್ದು ಇಲ್ಲಿ. 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಆತ ಹುಡುಕಿಕೊಂಡು ಬಂದದ್ದು ಕಾಳುಮೆಣಸನ್ನು ಎಂದು ಶಾಲೆಯಲ್ಲಿ ಓದಿದ್ದೀರಿ. ಅದೇ ಮೆಣಸಿಗಾಗಿ ಪೋರ್ಚುಗೀಸರು ನಮ್ಮ ಹೊನ್ನಾವರ, ಭಟ್ಕಳಗಳಿಗೂ ಬಂದರು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದೇ ಕರೆದರು. ಶರಾವತಿಯ ದಡದ ರಾಣಿ, ಪೆರಿಯಾರಿನ ಬಾಯಿಯ ಕೊಚ್ಚಿ, ಎರಡು ಕಥೆಗೂ ಒಂದೇ ಬಳ್ಳಿಯ ನಂಟು.

ಅಲ್ಲಿಂದ ಮಟ್ಟಾಂಚೇರಿಗೆ ಹೋಗಿ. ಇಲ್ಲಿಯ ಅರಮನೆಯನ್ನು ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿಯ ರಾಜನಿಗೆ ಕೊಟ್ಟರು. 1663ರಲ್ಲಿ ಡಚ್ಚರು ದುರಸ್ತಿ ಮಾಡಿಸಿದ್ದರಿಂದ ಡಚ್ ಅರಮನೆ ಎಂಬ ಹೆಸರು ನಿಂತಿತು. ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ. ಯಾವ ಚಿತ್ರದಲ್ಲಿ ಏನು ನಡೆಯುತ್ತಿದೆ ಎಂದು ಹೇಳುವ ಕೆಲಸವನ್ನು ಅಜ್ಜಿಗೆ ಬಿಡಿ. ಹತ್ತಿರದ ಯಹೂದಿ ಸಿನಗಾಗ್ 1568ರದು. ನೆಲಕ್ಕೆ ಹಾಸಿದ ಚೀನಾದ ನೀಲಿ ಬಿಳಿ ಹೆಂಚುಗಳನ್ನು ನೋಡುವುದಕ್ಕಾದರೂ ಒಳಗೆ ಹೋಗಬೇಕು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಬಾಗಿಲು ತೆರೆಯುವುದಿಲ್ಲ.

ಮಟ್ಟಾಂಚೇರಿಯಲ್ಲಿ ಕೊಂಕಣಿ ಮಾತು ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡಿ. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದ ಕೊಂಕಣಿಗರು ಇಲ್ಲಿ ನೆಲೆಸಿ, ತಿರುಮಲ ದೇವಸ್ಥಾನ ಕಟ್ಟಿಕೊಂಡು, ನಾಲ್ಕು ಶತಮಾನಗಳಿಂದ ಮನೆಯಲ್ಲಿ ತಮ್ಮ ಭಾಷೆಯನ್ನೇ ಆಡುತ್ತಿದ್ದಾರೆ. 1678ರಿಂದ 1693ರವರೆಗೆ ಆಮ್ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಸಸ್ಯಗ್ರಂಥಕ್ಕೆ ಮಲಯಾಳದ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೆ ನೆರವಾದವರು ಇಲ್ಲಿಯ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಬೇರೆ ನಾಡಿನಲ್ಲಿ ಇದ್ದುಕೊಂಡು ಆ ನಾಡಿನವರೂ ಆಗಿ, ಮನೆಮಾತನ್ನೂ ಉಳಿಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ? ಅವರಿಗೆ ನಾನ್ನೂರು ವರ್ಷ ಸಾಧ್ಯವಾದದ್ದು ನಮಗೆ ಎರಡನೇ ತಲೆಮಾರಿಗೇ ಕೈಬಿಟ್ಟು ಹೋಗಬಾರದು.

ಮಸಾಲೆ ಅಂಗಡಿಗಳ ಬೀದಿಯಲ್ಲಿ ಅಜ್ಜಿಯ ಕಣ್ಣಿಗೆ ಬಟ್ಟೆ ಕಟ್ಟಿ ವಾಸನೆಯಿಂದಲೇ ಹೆಸರು ಹೇಳಿಸಿ! ಏಲಕ್ಕಿ, ಲವಂಗ, ಜಾಯಿಕಾಯಿ, ಪತ್ರೆ, ಶುಂಠಿ. ಕಪ್ಪಗೆ ಒಣಗಿದ ಕೊಡಂಪುಳಿಯನ್ನು ಕೈಗಿತ್ತು ನೋಡಿ. ಅಜ್ಜಿ ಮಲೆನಾಡಿನವರಾದರೆ ‘ಅಯ್ಯೋ, ಇದು ಉಪ್ಪಾಗೆ ಅಲ್ಲವೇನೋ!’ ಎಂದಾರು. ಹೌದು, ಎರಡೂ ಒಂದೇ ಮರದ ಹಣ್ಣು. ಇನ್ನೊಂದು ಮಾತು: ಈಚಿನ ವರ್ಷಗಳಲ್ಲಿ ದೇಶದಲ್ಲೇ ಅತಿ ಹೆಚ್ಚು ಕಾಳುಮೆಣಸು ಬೆಳೆಯುವುದು ಕರ್ನಾಟಕ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟದವರು ಇವತ್ತಿಗೂ ‘ಕೊಚ್ಚಿ ಮಾರ್ಕೆಟ್ ಎಷ್ಟಿದೆ’ ಎಂದು ಬೆಲೆ ವಿಚಾರಿಸುತ್ತಾರೆ.

ಹೊಳೆಯ ಮೇಲಕ್ಕೆ

ಎರಡನೆಯ ದಿನ ಬಂದರಿನಿಂದ ಹೊಳೆಯ ಮೇಲಕ್ಕೆ, ಆಲುವ ಮತ್ತು ಕಾಲಡಿಗೆ ಹೋಗಿ. ಕೇರಳದ ಅತಿ ಉದ್ದದ ನದಿಯಾದ ಪೆರಿಯಾರ್ 244 ಕಿಲೋಮೀಟರ್ ಹರಿದು ಬರುತ್ತದೆ. ಈ ಹೊಳೆಯ ಕೋಪವನ್ನು ನೀವು ಪುಸ್ತಕದಲ್ಲಿ ಓದಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಆಲುವ, ಕಾಲಡಿ ಮುಳುಗಿದ್ದು, ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿದ್ದು, ಕಡಲಿನ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿ ತಂದು ಜನರನ್ನು ಕಾಪಾಡಿದ್ದು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡದ್ದು. ಅದನ್ನು ನಿಮ್ಮ ಮಾತಿನಲ್ಲಿ ಅಜ್ಜನಿಗೆ ಹೇಳಿ.

ಆಲುವದಲ್ಲಿ ಇನ್ನೊಂದು ಕಥೆಯಿದೆ. 1789ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೇನೆ ತಿರುವಾಂಕೂರಿನವರ ನೆಡುಂಕೋಟೆಯ ಮೇಲೆ ಬಿದ್ದು ಸೋತಿತು. 1790ರಲ್ಲಿ ಮತ್ತೆ ಬಂದು ಕೋಟೆ ಒಡೆದು ಆಲುವದವರೆಗೆ ಬಂತು. ಮುಂದೆ ಮಳೆಗಾಲದ ಹೊಳೆ, ಹಿಂದೆ ಇಂಗ್ಲಿಷರ ಯುದ್ಧದ ಬೆದರಿಕೆ, ಟಿಪ್ಪು ಹಿಂತಿರುಗಿದ. ಅಪ್ಪ ಕರ್ನಾಟಕದಲ್ಲಿ ಓದಿದ ಪಾಠದಲ್ಲಿ ಟಿಪ್ಪು ಹೇಗಿದ್ದ, ನೀವು ಇಲ್ಲಿ ಓದಿದ ಪಾಠದಲ್ಲಿ ಹೇಗಿದ್ದಾನೆ? ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿ ಚರ್ಚೆ ನಡೆಸಿ. ಒಂದೇ ಯುದ್ಧವನ್ನು ಎರಡು ದಡದಿಂದ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಕಾಲಡಿ ಆದಿ ಶಂಕರರ ಜನ್ಮಸ್ಥಳ. ಇಲ್ಲಿಂದ ಹೊರಟ ಶಂಕರರು ತುಂಗೆಯ ದಡದ ಶೃಂಗೇರಿಯಲ್ಲಿ ಪೀಠ ಸ್ಥಾಪಿಸಿದರು ಎಂಬುದು ಸಂಪ್ರದಾಯದ ನಂಬಿಕೆ. ಕಾಲಾಂತರದಲ್ಲಿ ಕಾಲಡಿಯ ಮಹತ್ವ ಜನರಿಗೆ ಮರೆತೇ ಹೋಗಿತ್ತು. ಶೃಂಗೇರಿಯ 33ನೇ ಜಗದ್ಗುರು ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಯವರು ತಿರುವಾಂಕೂರು ಸರಕಾರದ ನೆರವಿನಿಂದ ಜಾಗ ಪಡೆದು, 1910ರಲ್ಲಿ ಶಾರದೆ ಮತ್ತು ಶಂಕರರ ಗುಡಿಗಳನ್ನು ಪ್ರತಿಷ್ಠಾಪಿಸಿದರು. ಪೆರಿಯಾರಿನಿಂದ ತುಂಗೆಗೆ ಹೋದ ಋಣವನ್ನು ತುಂಗೆ ಪೆರಿಯಾರಿಗೆ ತೀರಿಸಿತು ಎನ್ನಬಹುದು. ಬಾಲಕ ಶಂಕರರ ಕಾಲನ್ನು ಮೊಸಳೆ ಹಿಡಿಯಿತೆನ್ನುವ ಜಾಗಕ್ಕೆ ಇಲ್ಲಿ ‘ಮುದಲಕ್ಕಡವ್’ ಎನ್ನುತ್ತಾರೆ, ಮೊಸಳೆಯ ಕಡವು. ನೋಡಿ, ನಮ್ಮ ಪದ ಮತ್ತೆ ಬಂತು!

ಹೊಳೆಯಿಲ್ಲದ ಬಂದರು

ತಿರುವನಂತಪುರಕ್ಕೆ ಎರಡು ದಿನ ಇಟ್ಟುಕೊಳ್ಳಿ. ಕೊಚ್ಚಿ ನೋಡಿದವರು ವಿೞಿಂಜಂ ನೋಡಲೇಬೇಕು. ಎರಡೂ ಬಂದರೇ, ಗುಣ ಮಾತ್ರ ಬೇರೆ. ಕೊಚ್ಚಿಗೆ ಹೊಳೆಯೇ ತಾಯಿ, ಹೊಳೆಯೇ ತಲೆನೋವು. ಹೊಳೆ ತರುವ ಹೂಳನ್ನು ವರ್ಷ ವರ್ಷವೂ ತೆಗೆಯುತ್ತಲೇ ಇರಬೇಕು. ವಿೞಿಂಜಂಗೆ ಹೂಳು ತುಂಬುವ ದೊಡ್ಡ ಹೊಳೆಯಿಲ್ಲ. ದಡದ ಹತ್ತಿರವೇ ಕಡಲು 18ರಿಂದ 20 ಮೀಟರ್ ಆಳವಿದೆ. ಆದ್ದರಿಂದಲೇ ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗುಗಳು ಇಲ್ಲಿಗೆ ಬರಬಲ್ಲವು. ಮೊದಲ ದೊಡ್ಡ ಹಡಗು ಬಂದದ್ದು 2024ರ ಜುಲೈಯಲ್ಲಿ. ಬಂದರು ರಾಷ್ಟ್ರಕ್ಕೆ ಸಮರ್ಪಣೆಯಾದದ್ದು 2025ರ ಮೇ 2ರಂದು.

ಬಂದರಿನೊಳಗೆ ಸಾರ್ವಜನಿಕರನ್ನು ಬಿಡುವುದಿಲ್ಲ. ಮೀನುಗಾರರ ಹಳೆಯ ಬಂದರಿನ ಕಡೆಯಿಂದ, ಇಲ್ಲವೇ 1972ರಲ್ಲಿ ಕಟ್ಟಿದ ದೀಪಸ್ತಂಭದಿಂದ ನೋಡಬಹುದು. ದೀಪಸ್ತಂಭ ತೆರೆದಿರುವ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಇಲ್ಲಿ ನಿಂತಾಗ ಎರಡು ಸಂಗತಿ ನೆನಪಿರಲಿ. ಬಂದರಿನ ಕಾಮಗಾರಿಯಿಂದ ತೀರ ಕೊಚ್ಚಿ ಹೋಗುತ್ತಿದೆ, ಮನೆ ಕಳೆದುಕೊಳ್ಳುತ್ತಿದ್ದೇವೆ ಎಂದು 2022ರಲ್ಲಿ ಮೀನುಗಾರರು ತಿಂಗಳುಗಟ್ಟಲೆ ಹೋರಾಡಿದರು. ಇನ್ನೊಂದು, 2025ರ ಮೇಯಲ್ಲಿ ವಿೞಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಹಡಗು 640 ಕಂಟೇನರುಗಳೊಡನೆ ಮುಳುಗಿತು. ಅದರಲ್ಲಿದ್ದ 24 ಜನರೂ ಬದುಕಿದರು. ಆದರೆ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳು ತಿರುವನಂತಪುರದ ಕಡಲತೀರದಲ್ಲೆಲ್ಲ ಬಂದು ಬಿದ್ದವು, ಸ್ವಯಂಸೇವಕರು ಜರಡಿ ಹಿಡಿದು ಮರಳಿನಿಂದ ಆರಿಸಿದರು. ಬಂದರಿನಿಂದ ನಾಡಿಗೆ ಬರುವ ಲಾಭ ಎಷ್ಟು, ತೆರುವ ಬೆಲೆ ಎಷ್ಟು, ಯಾರು ತೆರುತ್ತಾರೆ ಎಂದು ಅಪ್ಪನೊಡನೆ ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಪೇಟೆಯಲ್ಲಿ ಅನಂತಪದ್ಮನಾಭನ ದರ್ಶನಕ್ಕೆ ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಹೋಗಬೇಕು; ಹೆಂಗಸರಿಗೆ ಸೀರೆ ಅನುಕೂಲ. ಇಲ್ಲಿ ಪೂಜೆ ಮಾಡುವ ನಂಬಿಗಳು ಸಂಪ್ರದಾಯದಂತೆ ತುಳುನಾಡಿನ ಕಡೆಯ ಮನೆತನಗಳಿಂದ ಬರುವವರು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಎರಡು ದಡ ನೋಡಿ ಅವರಿಗೆ ‘ಅಕ್ಕರೆ ದೇಶಿ’, ‘ಇಕ್ಕರೆ ದೇಶಿ’ ಎಂಬ ಹೆಸರು. ಆ ಕರೆ, ಈ ಕರೆ. ಕರೆ ಎಂದರೆ ದಡ, ಕನ್ನಡದಲ್ಲಿಯೂ ಅದೇ. ಕುಂಬಳೆಯ ಹತ್ತಿರ ಅನಂತಪುರದ ಕೆರೆಯ ನಡುವಿನ ದೇವಾಲಯವೇ ಈ ಪದ್ಮನಾಭನ ಮೂಲಸ್ಥಾನ ಎಂದು ಭಕ್ತರ ನಂಬಿಕೆ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಸಾವಿರಾರು ಜನ ಅಂತಿಮ ದರ್ಶನಕ್ಕೆ ಬಂದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ದೇವಾಲಯದ ಪಕ್ಕದಲ್ಲೇ ಕುದಿರಮಾಳಿಗ ಅರಮನೆ. ಕುದಿರ ಎಂದರೆ ಕುದುರೆ, ಮಾಳಿಗ ಎಂದರೆ ಮಾಳಿಗೆ, ಆಟ ಮುಂದುವರಿಯಲಿ! ಕಟ್ಟಿಸಿದವರು ಸ್ವಾತಿ ತಿರುನಾಳ್ ಮಹಾರಾಜರು. 1813ರಲ್ಲಿ ಹುಟ್ಟಿ 1846ರಲ್ಲಿ, 33ನೇ ವಯಸ್ಸಿನಲ್ಲಿಯೇ ತೀರಿಕೊಂಡ ಈ ರಾಜರು ಸಂಸ್ಕೃತ, ಮಲಯಾಳ, ತೆಲುಗು, ಹಿಂದೂಸ್ತಾನಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಹಾಡು ರಚಿಸಿದ್ದಾರೆ. ತಿರುವನಂತಪುರದ ರಾಜರಿಗೆ ಬೇಕೆನಿಸಿದ ಭಾಷೆ ತಿರುವನಂತಪುರದ ಕನ್ನಡ ಮಕ್ಕಳಿಗೆ ಬೇಡವಾಗಬಾರದು, ಅಲ್ಲವೇ?

ಒಂದೆರಡು ಎಚ್ಚರಿಕೆ

ಪರವಾನಗಿ ಇಲ್ಲದ, ಕಿಕ್ಕಿರಿದ ದೋಣಿಗೆ ಹತ್ತಬೇಡಿ, ಯಾರು ಎಷ್ಟು ಅಗ್ಗಕ್ಕೆ ಕರೆದರೂ ಸರಿಯೆ. 2023ರ ಮೇ 7ರಂದು ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಮಕ್ಕಳೇ ಹೆಚ್ಚು. ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಪೆರಿಯಾರಿನಲ್ಲಿ ಮೆಟ್ಟಿಲು ಬಿಟ್ಟು ಆಚೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತವಿರುತ್ತದೆ. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದಂತೂ ಬೇಡವೇ ಬೇಡ. ಹಿರಿಯರಿಗೆ ನೀರು, ಮಾತ್ರೆ, ಟೋಪಿ, ಕೂರಲು ಆಗಾಗ ಒಂದು ನೆರಳು, ಇಷ್ಟನ್ನು ನೋಡಿಕೊಳ್ಳುವ ಹೊಣೆ ನಿಮ್ಮದು. ಊಟಕ್ಕೆ ಚಿತ್ರಾನ್ನ, ಮೊಸರನ್ನದ ಬುತ್ತಿ ಇದ್ದರೆ ಎಲ್ಲಿ ಬೇಕಾದರೂ ಕೂತು ಉಣ್ಣಬಹುದು.

ಒಂದು ನೋಟುಪುಸ್ತಕ

ಕೊನೆಯದಾಗಿ ಒಂದು ಕೆಲಸ. ಇನ್ನೂರು ಪುಟದ ಒಂದು ನೋಟುಪುಸ್ತಕ ಕೊಂಡುಕೊಳ್ಳಿ. ಆಟದಲ್ಲಿ ಸಿಕ್ಕ ಪದಗಳನ್ನು, ಅಜ್ಜ ಹೇಳಿದ ಕಡವಿನ ಕಥೆಯನ್ನು, ಅಜ್ಜಿ ಮೂಸಿ ಹೇಳಿದ ಹೆಸರುಗಳನ್ನು ಆಯಾ ರಾತ್ರಿಯೇ ಕನ್ನಡ ಅಕ್ಷರದಲ್ಲಿ ಬರೆದಿಡಿ. ಕಾಗುಣಿತ ತಪ್ಪಾದರೆ ಅಮ್ಮ ತಿದ್ದುತ್ತಾರೆ; ಒತ್ತಕ್ಷರ ಮರೆತಿದ್ದರೆ ಅಜ್ಜ ಬರೆದು ತೋರಿಸುತ್ತಾರೆ. ಫೋನಿನಲ್ಲಿ ತೆಗೆದ ಫೋಟೋ ಸಾವಿರವಿದ್ದರೂ ಅಜ್ಜನ ಮಾತು ಅದರಲ್ಲಿ ಇರುವುದಿಲ್ಲ. ಅಪ್ಪ ನಿವೃತ್ತರಾಗಿ ಊರಿಗೆ ಹಿಂತಿರುಗಬಹುದು, ನೀವು ಕೆಲಸಕ್ಕೆ ಇನ್ನೆಲ್ಲಿಗೋ ಹೋಗಬಹುದು, ಅಜ್ಜ ಅಜ್ಜಿ ಮುಂದಿನ ಓಣಂ ರಜೆಗೆ ಬರುವಷ್ಟು ಗಟ್ಟಿಯಾಗಿರುತ್ತಾರೋ ಇಲ್ಲವೋ ಯಾರಿಗೆ ಗೊತ್ತು? ಮೂರು ತಲೆಮಾರು ಒಂದೇ ಬೋಟಿನಲ್ಲಿ ಕೂರುವ ರಜೆಗಳು ಬೆರಳೆಣಿಕೆಯಷ್ಟೇ ಇರುತ್ತವೆ.

1956ರ ನವೆಂಬರ್ 1ರಂದು ಒಂದೇ ದಿನ ಎರಡು ರಾಜ್ಯಗಳು ಹುಟ್ಟಿದವು. ಆ ದಿನ ನಮಗೆ ರಾಜ್ಯೋತ್ಸವ, ನಿಮ್ಮ ಶಾಲೆ ಕಾಲೇಜಿನಲ್ಲಿ ಕೇರಳಪ್ಪಿರವಿ. ಎರಡೂ ನಿಮ್ಮ ಹಬ್ಬಗಳೇ; ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಿಲ್ಲ. ಮುಂದಿನ ನವೆಂಬರಿಗೆ ವೇದಿಕೆ ಹತ್ತುವಾಗ ಯಾರೋ ಬರೆದುಕೊಟ್ಟ ಭಾಷಣ ಬಾಯಿಪಾಠ ಮಾಡಬೇಡಿ. ಆ ನೋಟುಪುಸ್ತಕದಿಂದ ಒಂದು ಪುಟ ಓದಿ. ಕನ್ನಡ ಅಲ್ಲಲ್ಲಿ ತೊದಲಿದರೂ ಚಿಂತೆಯಿಲ್ಲ, ಅದು ನಿಮ್ಮದೇ ಆಗಿರುತ್ತದೆ. ಚೆನ್ನಾಗಿ ಬಂದ ಪುಟಗಳನ್ನು ನಮ್ಮ ಪತ್ರಿಕೆಗೂ ಕಳಿಸಿ. ಯುವಕರ ಬರಹಕ್ಕೆ ಇಲ್ಲಿ ಜಾಗ ಎಂದೂ ಇದೆ.

ಸರಿ, ಇನ್ನು ತಡವೇಕೆ? ಹಿರಿಯರನ್ನು ಹೊರಡಿಸಿ. ಶುಭ ಪ್ರಯಾಣ!